ಲ್ಯೂಕ್ ಕೀಕ್ಲಿ: ಎಂಟು ಋತುಗಳ ವೃತ್ತಿಜೀವನವನ್ನು ಅಳೆಯುವುದು ಹೇಗೆ?

ತುಂಗಾತೀರ (ಫೆಬ್ರವರಿ 2025)

ಫೆಬ್ರವರಿ 6ರ ರಾತ್ರಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಈ ವರ್ಷದ ಪಟ್ಟಿ ಪ್ರಕಟವಾದಾಗ ಅದರಲ್ಲಿ ನಾಲ್ಕೇ ಹೆಸರುಗಳಿದ್ದವು: ಎರಿಕ್ ಅಲೆನ್, ಜೇರೆಡ್ ಅಲೆನ್, ಆಂಟೋನಿಯೊ ಗೇಟ್ಸ್ ಮತ್ತು ಹಿರಿಯರ ವಿಭಾಗದಿಂದ ಸ್ಟರ್ಲಿಂಗ್ ಶಾರ್ಪ್. ಇಷ್ಟು ಚಿಕ್ಕ ಪಟ್ಟಿ ಬಂದು ಎರಡು ದಶಕಗಳಾಗಿದ್ದವು. ಕೊನೆಯ ಏಳರ ತನಕ ಬಂದು ಹೊರಗುಳಿದ ನಾಲ್ವರಲ್ಲಿ ಕೆರೊಲಿನಾ ಪ್ಯಾಂಥರ್ಸ್ ತಂಡದ ಮಿಡಲ್ ಲೈನ್‌ಬ್ಯಾಕರ್ (ರಕ್ಷಣಾ ಪಡೆಯ ನಡುವೆ ನಿಲ್ಲುವ ಆಟಗಾರ) ಲ್ಯೂಕ್ ಕೀಕ್ಲಿ ಒಬ್ಬರು. ಅರ್ಹತೆ ಸಿಕ್ಕ ಮೊದಲ ವರ್ಷವೇ ಅಲ್ಲಿಯವರೆಗೆ ಬಂದದ್ದು ಸಣ್ಣ ಮಾತಲ್ಲ. ಆದರೆ ಅವರ ವಿರುದ್ಧ ಕೇಳಿಬರುವ ಗಟ್ಟಿ ಆಕ್ಷೇಪ ಒಂದೇ: ಅವರು ಆಡಿದ್ದು ಎಂಟೇ ಋತು. ಆ ಆಕ್ಷೇಪ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಚರ್ಚಿಸೋಣ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಕೀಕ್ಲಿ ಹುಟ್ಟಿದ್ದು 1991ರಲ್ಲಿ, ಓಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ಬಾಸ್ಟನ್ ಕಾಲೇಜಿನ ಪರವಾಗಿ ಅವರು ಆಡಿದ್ದು ಮೂರು ವರ್ಷ. ಮೊದಲ ವರ್ಷ 158, ಎರಡನೆಯ ವರ್ಷ 183, ಮೂರನೆಯ ವರ್ಷ 191, ಒಟ್ಟು 532 ಟ್ಯಾಕಲ್‌ಗಳು (ಚೆಂಡು ಹಿಡಿದ ಎದುರಾಳಿಯನ್ನು ಕೆಡವುವುದು). ಮೊದಲ ವರ್ಷವೇ ಅವರಿಗೆ ಅವಕಾಶ ದೊರೆತುದರ ಹಿಂದೆ ಒಂದು ದುಃಖದ ಕಾರಣವಿತ್ತು. ತಂಡದ ತಾರೆಯಾಗಿದ್ದ ಲೈನ್‌ಬ್ಯಾಕರ್ ಮಾರ್ಕ್ ಹರ್ಜ್‌ಲಿಚ್ ಮೂಳೆಯ ಕ್ಯಾನ್ಸರಿಗೆ ತುತ್ತಾಗಿ 2009ರ ಋತುವನ್ನು ಪೂರ್ತಿ ಕಳೆದುಕೊಂಡಿದ್ದರು. ಮರುವರ್ಷ ಹರ್ಜ್‌ಲಿಚ್ ಗುಣಮುಖರಾಗಿ ಮೈದಾನಕ್ಕೆ ಮರಳಿದರು, ಇಬ್ಬರೂ ಜೊತೆಯಾಗಿ ಆಡಿದರು.

2012ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಪ್ಯಾಂಥರ್ಸ್ ತಂಡ ಅವರನ್ನು ಒಂಬತ್ತನೆಯವರಾಗಿ ಆರಿಸಿಕೊಂಡಿತು. ನಡುವಿನ ಸ್ಥಾನದಲ್ಲಿ ಜಾನ್ ಬೀಸನ್ ಇದ್ದುದರಿಂದ ಕೀಕ್ಲಿ ಪಕ್ಕದ ಸ್ಥಾನದಲ್ಲಿ ಆಟ ಆರಂಭಿಸಿದರು. ಋತುವಿನ ಮೊದಲ ಭಾಗದಲ್ಲೇ ಬೀಸನ್ ಗಾಯಗೊಂಡಾಗ ನಡುವಿಗೆ ಬಂದರು. ನಿವೃತ್ತಿಯವರೆಗೆ ಆ ಜಾಗವನ್ನು ಬಿಟ್ಟುಕೊಡಲಿಲ್ಲ. ಆ ವರ್ಷ 164 ಟ್ಯಾಕಲ್‌ಗಳೊಂದಿಗೆ ಇಡೀ ಎನ್‌ಎಫ್‌ಎಲ್‌ಗೆ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಮೊದಲಿಗರಾಗಿ, ರಕ್ಷಣಾ ವಿಭಾಗದ ವರ್ಷದ ಹೊಸ ಆಟಗಾರ ಎನಿಸಿಕೊಂಡರು. ಮರುವರ್ಷ, ಅಂದರೆ 22ನೆಯ ವಯಸ್ಸಿಗೆ, ಲೀಗ್‌ನ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿ ಅವರದಾಯಿತು. ಒಟ್ಟು ಏಳು ಪ್ರೊ ಬೌಲ್ (ತಾರಾ ಆಟಗಾರರ ಪಂದ್ಯ), ಐದು ಬಾರಿ ಆಲ್-ಪ್ರೊ (ಋತುವಿನ ಅತ್ಯುತ್ತಮರ ಪಟ್ಟಿ) ಮೊದಲ ತಂಡದಲ್ಲಿ ಸ್ಥಾನ. 2020ರ ಜನವರಿ 14ರಂದು, 28ನೆಯ ವಯಸ್ಸಿನಲ್ಲಿ, ಅವರು ಆಟವನ್ನು ಬಿಟ್ಟರು.

ನನ್ನ ವಾದ ಇಷ್ಟೇ. ಕೀಕ್ಲಿಯವರ ಹೆಚ್ಚುಗಾರಿಕೆ ಇದ್ದದ್ದು ಚೆಂಡು ಚಲಿಸುವ ಮೊದಲಿನ ಹತ್ತು ಹದಿನೈದು ಸೆಕೆಂಡುಗಳಲ್ಲಿ. ಅದನ್ನು ವರ್ಷಗಳ ಲೆಕ್ಕದಿಂದ ಅಳೆಯಲು ಹೊರಟರೆ ಅಳತೆಗೋಲೇ ತಪ್ಪಾಗುತ್ತದೆ.

ಅಂಕಿಲೆಕ್ಕ

ವಾದವನ್ನು ಚೆನ್ನಾಗಿಯೇ ಮಂಡಿಸಿದ್ದೀರಿ, ಆದರೆ ನನಗೆ ಕೆಲವು ಸಂದೇಹಗಳಿವೆ.

ಮೊದಲನೆಯದಾಗಿ, ಟ್ಯಾಕಲ್ ಎಣಿಕೆಯನ್ನು ಯಾರೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಬ್ಬರು ಸೇರಿ ಕೆಡವಿದಾಗ ಯಾರಿಗೆ ಎಷ್ಟು ಪಾಲು ಎಂಬುದನ್ನು ಆಯಾ ಕ್ರೀಡಾಂಗಣದ ಅಂಕಿ ಬರೆಯುವವರು ತೀರ್ಮಾನಿಸುತ್ತಾರೆ, ಅವರ ಕೈ ಧಾರಾಳವಾದಷ್ಟೂ ಆತಿಥೇಯ ತಂಡದ ಆಟಗಾರನ ಲೆಕ್ಕ ಏರುತ್ತದೆ. ಎದುರಾಳಿ ಎಂಟು ಗಜ ಮುಂದೆ ಹೋದ ಮೇಲೆ ಕೆಡವಿದರೂ ಅದು ಟ್ಯಾಕಲ್, ಎರಡು ಗಜ ಹಿಂದೆಯೇ ಕೆಡವಿದರೂ ಅದು ಟ್ಯಾಕಲ್. 2013ರ ಡಿಸೆಂಬರ್ 22ರಂದು ಪ್ಯಾಂಥರ್ಸ್‌ನ ತವರಾದ ಷಾರ್ಲೆಟ್‌ನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧ ಅವರು ಒಂದೇ ಪಂದ್ಯದಲ್ಲಿ 24 ಟ್ಯಾಕಲ್ ಮಾಡಿದ್ದನ್ನು ಅಭಿಮಾನಿಗಳು ಪದೇ ಪದೇ ಎತ್ತಿ ಹೇಳುತ್ತಾರೆ. ನಾನು ಅದನ್ನು ಅಲ್ಲಗಳೆಯುತ್ತಿಲ್ಲ, ಆದರೆ ಅದರ ಮೇಲೆ ಹಾಲ್ ಆಫ್ ಫೇಮ್‌ನ ಗೋಡೆ ಕಟ್ಟಲಾಗದು.

ಎರಡನೆಯದಾಗಿ, ಇನ್ನೊಬ್ಬ ಲೈನ್‌ಬ್ಯಾಕರ್ ಲಂಡನ್ ಫ್ಲೆಚರ್ ಅವರನ್ನು ನೋಡಿ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಆಟಗಾರ. 1998ರಿಂದ 2013ರವರೆಗೆ 256 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿದರು. ಅವರು ಇನ್ನೂ ಹಾಲ್ ಆಫ್ ಫೇಮ್‌ನ ಹೊರಗಿದ್ದಾರೆ. ಅವರ ಅರ್ಧಕ್ಕಿಂತ ಕಡಿಮೆ, 118 ಪಂದ್ಯಗಳನ್ನು ಆಡಿದವರನ್ನು ಅರ್ಹತೆಯ ಮೊದಲ ವರ್ಷವೇ ಒಳಗೆ ಬಿಡಬೇಕೆನ್ನುವುದಕ್ಕೆ ಯಾವ ನ್ಯಾಯ?

ಮೂರನೆಯದಾಗಿ, ಎಂಟು ಋತುಗಳಲ್ಲಿ ತಂಡ ಪ್ಲೇಆಫ್ ತಲುಪಿದ್ದು ನಾಲ್ಕು ಬಾರಿ, ಗೆದ್ದದ್ದು ಮೂರು ಪಂದ್ಯ, ಪ್ರಶಸ್ತಿ ಒಂದೂ ಇಲ್ಲ.

ಷಾರ್ಲೆಟ್ ನಿವಾಸಿ

ನಾನು ಉದ್ಯೋಗದ ನಿಮಿತ್ತ ಈ ಊರಿಗೆ ಬಂದವನು, ಆಟ ಕಲಿತದ್ದೇ ಈ ತಂಡವನ್ನು ನೋಡಿ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿದ್ದರೆ ಅದನ್ನು ಕಳೆದು ಓದಿಕೊಳ್ಳಿ.

ಟಿವಿಯಲ್ಲಿ ನೋಡುವವರಿಗೆ ಕೀಕ್ಲಿ ಅರ್ಧವೇ ಕಾಣುತ್ತಿದ್ದರು. ಕ್ಯಾಮೆರಾ ಆಕ್ರಮಣ ನಡೆಸಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂಬಾಲಿಸುತ್ತದೆ, ಚೆಂಡು ಹಿಂದಕ್ಕೆ ಹೋದ ಮೇಲಷ್ಟೇ ರಕ್ಷಣಾ ಪಡೆಯ ಕಡೆಗೆ ಗಮನ ಹರಿಯುತ್ತದೆ. ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಕುಳಿತು 59ನೆಯ ಸಂಖ್ಯೆಯ ಅಂಗಿಯನ್ನಷ್ಟೇ ನೋಡುತ್ತಿದ್ದರೆ ಬೇರೆಯದೇ ಆಟ ಕಾಣಿಸುತ್ತಿತ್ತು. ಎದುರಾಳಿಗಳು ಸಾಲುಗಟ್ಟುತ್ತಿದ್ದಂತೆ ಅವರು ತಮ್ಮ ತಂಡದ ಮುಂದಿನ ನಾಲ್ವರ ಬೆನ್ನು ತಟ್ಟಿ ಒಬ್ಬನನ್ನು ಅರ್ಧ ಹೆಜ್ಜೆ ಎಡಕ್ಕೆ ಸರಿಸುತ್ತಿದ್ದರು. ಹಿಂದಕ್ಕೆ ತಿರುಗಿ ಕೊನೆಯ ಸಾಲಿನ ಕಾವಲುಗಾರರಾದ ಸೇಫ್ಟಿಗಳಿಗೆ ಕೈಸನ್ನೆ ಮಾಡುತ್ತಿದ್ದರು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಅದನ್ನು ಕಂಡು ತನ್ನ ಯೋಜನೆಯನ್ನು ಬದಲಿಸಿದರೆ ಇವರೂ ಮತ್ತೊಮ್ಮೆ ಎಲ್ಲರನ್ನೂ ಬದಲಿಸುತ್ತಿದ್ದರು. ಕೆಲವು ಸಲ ಬರಲಿರುವ ಆಟವನ್ನು ಬೆರಳು ತೋರಿಸಿ ಕೂಗಿ ಹೇಳುತ್ತಿದ್ದರು, ಚೆಂಡು ಅಲ್ಲಿಗೇ ಬರುತ್ತಿತ್ತು. ಮೈದಾನದ ಧ್ವನಿಮುದ್ರಣಗಳಲ್ಲಿ ಇದು ಹಲವು ಬಾರಿ ದಾಖಲಾಗಿದೆ.

ಆಟ ಮುಗಿದ ಕೂಡಲೇ ಕ್ರೀಡಾಂಗಣದ ತುಂಬ ‘ಲೂ...ಕ್’ ಎಂಬ ದೀರ್ಘ ಸ್ವರ ಏಳುತ್ತಿತ್ತು. ಹೊಸದಾಗಿ ಬಂದವರು ಅದನ್ನು ‘ಬೂ’ ಎಂದು ಕೇಳಿಸಿಕೊಂಡು, ಜನ ತಮ್ಮ ಆಟಗಾರನನ್ನೇ ಹೀಯಾಳಿಸುತ್ತಿದ್ದಾರೆಂದು ಗಾಬರಿಯಾಗುವುದುಂಟು.

ಹೊಸ ಓದುಗ

ಒಂದು ಪ್ರಾಥಮಿಕ ಪ್ರಶ್ನೆ. ನಾನು ಈ ಆಟವನ್ನು ವರ್ಷಕ್ಕೊಮ್ಮೆ, ಸೂಪರ್ ಬೌಲ್ ನಡೆಯುವ ಸೋಮವಾರದ ಬೆಳಗಿನ ಜಾವ ಎದ್ದು ನೋಡುವವನು. ಸೂಪರ್ ಬೌಲ್ 50ರಲ್ಲಿ ಪಂದ್ಯಶ್ರೇಷ್ಠರಾದ ಡೆನ್ವರ್‌ನ ವಾನ್ ಮಿಲ್ಲರ್ ಅವರನ್ನೂ ಲೈನ್‌ಬ್ಯಾಕರ್ ಎನ್ನುತ್ತಾರೆ, ಅಂದು ಸೋತ ಕೀಕ್ಲಿಯವರನ್ನೂ ಲೈನ್‌ಬ್ಯಾಕರ್ ಎನ್ನುತ್ತಾರೆ. ಇಬ್ಬರ ಆಟದಲ್ಲಿ ನನಗೆ ಯಾವ ಹೋಲಿಕೆಯೂ ಕಾಣಲಿಲ್ಲ. ಯಾರಾದರೂ ಬಿಡಿಸಿ ಹೇಳುವಿರಾ?

ಗರಡಿಮನೆ

ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಮಿಲ್ಲರ್ ಅವರದು ಸಾಲಿನ ಅಂಚಿನ ಕೆಲಸ: ಎದುರಿನ ‘ಟ್ಯಾಕಲ್’ ಎಂಬ ಹೆಸರಿನ ತಡೆಗಾರನನ್ನು ವೇಗದಿಂದ ದಾಟಿ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯುವುದು. ಆ ಪಂದ್ಯದಲ್ಲಿ ಅವರು ಪ್ಯಾಂಥರ್ಸ್‌ನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ಅವರ ಕೈಯಿಂದ ಎರಡು ಬಾರಿ ಚೆಂಡನ್ನು ಕಿತ್ತುಹಾಕಿದರು. ಒಂದನ್ನು ಡೆನ್ವರ್‌ನ ಮಲಿಕ್ ಜ್ಯಾಕ್ಸನ್ ಗೆರೆಯಾಚೆ ಕಬಳಿಸಿ ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಮಾಡಿದರು, ಇನ್ನೊಂದು ಕೊನೆಯ ಟಚ್‌ಡೌನ್‌ಗೆ ದಾರಿಯಾಯಿತು.

ಕೀಕ್ಲಿ ನಿಲ್ಲುತ್ತಿದ್ದದ್ದು ಮುಂದಿನ ನಾಲ್ವರ ಹಿಂದೆ, ನಾಲ್ಕೈದು ಗಜ ದೂರದಲ್ಲಿ, ಸರಿಯಾಗಿ ನಡುವೆ. ಆ ಸ್ಥಾನವನ್ನು ಆಟಗಾರರು ‘ಮೈಕ್’ ಎನ್ನುತ್ತಾರೆ, ಪಕ್ಕದವರನ್ನು ‘ವಿಲ್’ ಮತ್ತು ‘ಸ್ಯಾಮ್’ ಎನ್ನುತ್ತಾರೆ. ಮೈಕ್‌ನ ಹೆಲ್ಮೆಟ್ಟಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ಒಂದು ಹಸಿರು ಚುಕ್ಕೆ ಇರುತ್ತದೆ. ರಕ್ಷಣಾ ಪಡೆಯಲ್ಲಿ ತರಬೇತುದಾರನ ಧ್ವನಿ ಕೇಳಿಸುವ ರೇಡಿಯೋ ಒಬ್ಬನಿಗೆ ಮಾತ್ರ. 2008ರಿಂದ ಈ ವ್ಯವಸ್ಥೆ ಇದೆ. ಪ್ರತಿ ಆಟವನ್ನು ಆರಂಭಿಸಲು ಕೊಡುವ ಸಮಯದಲ್ಲಿ 15 ಸೆಕೆಂಡು ಉಳಿದಿರುವಾಗ ಆ ಧ್ವನಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ತೀರ್ಮಾನವೆಲ್ಲ ಮೈದಾನದಲ್ಲಿರುವವನದೇ.

ಇನ್ನು ಚೆಂಡು ಚಲಿಸಿದ ಮೇಲೆ ಅವನು ನೋಡುವುದು ಚೆಂಡನ್ನಲ್ಲ. ಎದುರಾಳಿ ಸಾಲಿನ ತಡೆಗಾರರಾದ ಗಾರ್ಡ್‌ಗಳನ್ನು ನೋಡುತ್ತಾನೆ. ಗಾರ್ಡ್ ತಲೆ ತಗ್ಗಿಸಿ ಮುನ್ನುಗ್ಗಿದರೆ ಓಟ, ತಲೆ ಎತ್ತಿ ಹಿಂದಕ್ಕೆ ಕುಳಿತಂತೆ ಮಾಡಿದರೆ ಪಾಸ್, ಅಡ್ಡಕ್ಕೆ ಓಡಿದರೆ ಚೆಂಡೂ ಅದೇ ದಿಕ್ಕಿಗೆ ಹೋಗುವ ಸಂಭವ ಹೆಚ್ಚು. ಕಬಡ್ಡಿಯಲ್ಲಿ ಪಳಗಿದ ಹಿಡಿತಗಾರ ರೈಡರ್‌ನ ಕೈಯನ್ನು ನೋಡದೆ ಸೊಂಟವನ್ನೂ ಹೆಜ್ಜೆಯನ್ನೂ ನೋಡುತ್ತಾನಲ್ಲ, ಇದು ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ನೋಡಲು ಐದಾರು ಜನರಿರುತ್ತಾರೆ, ಅವರಲ್ಲಿ ಇಬ್ಬರಾದರೂ ಬೇಕೆಂದೇ ಸುಳ್ಳು ಹೆಜ್ಜೆ ಹಾಕುತ್ತಿರುತ್ತಾರೆ.

ಕೀಕ್ಲಿಯವರು 40 ಗಜವನ್ನು 4.58 ಸೆಕೆಂಡಿನಲ್ಲಿ ಓಡಿದವರು, ಆರು ಅಡಿ ಮೂರಂಗುಲದ ಆಳು. ದೇಹಬಲಕ್ಕೆ ಕೊರತೆಯೇನೂ ಇರಲಿಲ್ಲ. ಅವರಷ್ಟೇ ವೇಗವುಳ್ಳ ಲೈನ್‌ಬ್ಯಾಕರ್‌ಗಳು ಲೀಗ್‌ನಲ್ಲಿ ಬೇಕಾದಷ್ಟು ಜನರಿದ್ದರು. ಆದರೆ ಅವರು ಉಳಿದವರಿಗಿಂತ ಅರ್ಧ ಸೆಕೆಂಡು ಮೊದಲೇ ಹೊರಡುತ್ತಿದ್ದರು, ಮತ್ತು ಸರಿಯಾದ ಕಡೆಗೆ ಹೊರಡುತ್ತಿದ್ದರು.

ತುಂಗಾತೀರ

ಗರಡಿಮನೆಯವರು ಹೇಳಿದ್ದಕ್ಕೆ ಒಂದು ಉದಾಹರಣೆ. 2015ರ ನವೆಂಬರ್ 26, ಥ್ಯಾಂಕ್ಸ್‌ಗಿವಿಂಗ್ ದಿನ, ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧದ ಪಂದ್ಯ. ಮೊದಲಾರ್ಧದ ಕೊನೆಯಲ್ಲಿ ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೊ ನಡುವಿಗೆ ಎಸೆದ ಚೆಂಡನ್ನು ಕೀಕ್ಲಿ ಹಿಡಿದು 32 ಗಜ ಓಡಿ ಟಚ್‌ಡೌನ್ ಮಾಡಿದರು. ರೋಮೊ ಅವರ ಮರು ಎಸೆತವೂ ಇವರದೇ ಕೈ ಸೇರಿತು. ಎರಡು ಎಸೆತ, ಎರಡು ಇಂಟರ್‌ಸೆಪ್ಷನ್. ರೋಮೊ ಸಾಮಾನ್ಯ ಆಟಗಾರರಲ್ಲ, ರಕ್ಷಣೆಯನ್ನು ಓದುವುದರಲ್ಲಿ ಹೆಸರು ಮಾಡಿದ್ದವರು. ಎಸೆತಗಾರ ತೋಳು ಹಿಂದಕ್ಕೆ ಎಳೆಯುವಾಗಲೇ ಕೀಕ್ಲಿಯವರ ಭುಜಗಳು ಆ ದಾರಿಗೆ ತಿರುಗಿರುವುದನ್ನು ಆ ತುಣುಕುಗಳಲ್ಲಿ ನಿಧಾನಗತಿಯಲ್ಲಿ ನೋಡಿ.

ಅದೇ ಋತುವಿನ ಪ್ಲೇಆಫ್‌ನಲ್ಲಿ ಸಿಯಾಟಲ್‌ನ ರಸೆಲ್ ವಿಲ್ಸನ್ ಮುಂದಿನವರ ಒತ್ತಡಕ್ಕೆ ಸಿಕ್ಕಿ ಎಸೆದ ಚೆಂಡನ್ನು ಹಿಡಿದು 14 ಗಜ ಓಡಿ ಟಚ್‌ಡೌನ್. ಮುಂದಿನ ವಾರ ಅರಿಜೋನಾದ ಕಾರ್ಸನ್ ಪಾಮರ್ ಅವರ ಎಸೆತವನ್ನು ಹಿಡಿದು 22 ಗಜ ಓಡಿ ಇನ್ನೊಂದು. ಒಟ್ಟು ವೃತ್ತಿಜೀವನದ ನಿಯಮಿತ ಋತುಗಳಲ್ಲಿ 18 ಇಂಟರ್‌ಸೆಪ್ಷನ್. ಇದರಲ್ಲಿ ಅಂಕಿ ಬರೆಯುವವರ ಧಾರಾಳತನಕ್ಕೆ ಎಡೆಯಿಲ್ಲ ಎಂಬುದನ್ನು ಅಂಕಿಲೆಕ್ಕದವರು ಒಪ್ಪುತ್ತಾರೆಂದು ಭಾವಿಸುತ್ತೇನೆ.

ಪ್ರಶಸ್ತಿಯ ಮಾತಿಗೆ ಬಂದರೆ, ಸೂಪರ್ ಬೌಲ್ 50ರಲ್ಲಿ ಡೆನ್ವರ್‌ನ ಆಕ್ರಮಣ ಪಡೆ ಗಳಿಸಿದ್ದು ಬರೀ 194 ಗಜ. ಗೆದ್ದ ತಂಡವೊಂದು ಅದಕ್ಕಿಂತ ಮೊದಲು ಯಾವ ಸೂಪರ್ ಬೌಲ್‌ನಲ್ಲೂ ಅಷ್ಟು ಕಡಿಮೆ ಗಳಿಸಿರಲಿಲ್ಲ. 24-10ರ ಆ ಸೋಲನ್ನು ಮಿಡಲ್ ಲೈನ್‌ಬ್ಯಾಕರ್‌ನ ಖಾತೆಗೆ ಬರೆಯುವುದು ಸರಿಯಲ್ಲ.

ಅಂಕಿಲೆಕ್ಕ

ಇಂಟರ್‌ಸೆಪ್ಷನ್ ವಿಷಯವನ್ನು ನಾನು ಎಂದೂ ಪ್ರಶ್ನಿಸಿಲ್ಲ. ಆದರೆ ನೆರವಿಗಿದ್ದವರನ್ನು ಮರೆಯಬೇಡಿ. 2015ರ ಆ ರಕ್ಷಣಾ ಪಡೆ 39 ಬಾರಿ ಚೆಂಡು ಕಸಿದು ಲೀಗ್‌ಗೆ ಮೊದಲಾಯಿತು. ಮುಂದೆ ಕವಾನ್ ಶಾರ್ಟ್, ಹಿಂದೆ ಜಾಷ್ ನಾರ್ಮನ್, ಪಕ್ಕದಲ್ಲಿ ಥಾಮಸ್ ಡೇವಿಸ್. 2015ರ ಜನವರಿಯ ಪ್ಲೇಆಫ್ ಪಂದ್ಯದಲ್ಲಿ ಅರಿಜೋನಾವನ್ನು 78 ಗಜಗಳಿಗೆ ಕಟ್ಟಿಹಾಕಿದ್ದನ್ನೂ ಹೇಳುವಿರಿ, ಅದಕ್ಕೆ ಮುಂಚೆಯೇ ತಿಳಿಸಿಬಿಡುತ್ತೇನೆ: ಅಂದು ಅರಿಜೋನಾದ ಪರ ಆಡಿದ್ದು ಅವರ ಮೂರನೆಯ ಕ್ವಾರ್ಟರ್‌ಬ್ಯಾಕ್.

2013ರ ನವೆಂಬರ್ 18ರ ರಾತ್ರಿಯನ್ನೂ ನೆನಪಿಸುತ್ತೇನೆ. ಕೊನೆಯ ಎಸೆತದಲ್ಲಿ ಎಂಡ್ ಝೋನ್ (ಅಂಕ ತರುವ ಗೆರೆಯಾಚೆಯ ಜಾಗ) ಒಳಗೆ ನ್ಯೂ ಇಂಗ್ಲೆಂಡ್‌ನ ರಾಬ್ ಗ್ರಾಂಕೌಸ್ಕಿಯವರನ್ನು ಕೀಕ್ಲಿ ಎರಡೂ ತೋಳುಗಳಿಂದ ತಬ್ಬಿಕೊಂಡು ಹಿಂದಕ್ಕೆ ನೂಕಿದರು. ತಪ್ಪು ಆಟವೆಂದು ಪಂಚರ ಧ್ವಜ ಬಿತ್ತು, ಆಮೇಲೆ ಅವರೇ ಅದನ್ನು ಹಿಂತೆಗೆದುಕೊಂಡರು. ಪ್ಯಾಂಥರ್ಸ್ 24-20ರಿಂದ ಗೆದ್ದಿತು. ಆ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿಯ ಹಿಂದೆ ಆ ಒಂದು ತೀರ್ಪಿನ ಪಾಲು ಎಷ್ಟು?

ಷಾರ್ಲೆಟ್ ನಿವಾಸಿ

ಎಸೆದ ಚೆಂಡು ಗುರಿಯವರೆಗೆ ಬಂದೇ ಇರಲಿಲ್ಲ, ಮುಂದೆ ನಿಂತಿದ್ದ ರಾಬರ್ಟ್ ಲೆಸ್ಟರ್ ಅದನ್ನು ಹಿಡಿದಾಗಿತ್ತು, ಗ್ರಾಂಕೌಸ್ಕಿ ಹಿಂದಕ್ಕೆ ಜಾರುತ್ತಿದ್ದರು. ಅವರಿಗೆ ಆ ಚೆಂಡು ಹೇಗೂ ಸಿಗುತ್ತಿರಲಿಲ್ಲವೆಂಬುದು ಪಂಚರ ತೀರ್ಮಾನ. ತಬ್ಬಿದ್ದಂತೂ ನಿಜ. ನನಗೆ ಕೇಳಿದರೆ ಅದು ತಪ್ಪು ಆಟವೇ. ಆದರೆ ಒಂದು ಋತುವಿನ 156 ಟ್ಯಾಕಲ್, ನಾಲ್ಕು ಇಂಟರ್‌ಸೆಪ್ಷನ್, ಎದುರಾಳಿಗಳಿಗೆ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟವರಲ್ಲಿ ಲೀಗ್‌ಗೇ ಎರಡನೆಯದಾದ ರಕ್ಷಣಾ ಪಡೆ, ಇವೆಲ್ಲವನ್ನೂ ಆ ಒಂದು ಧ್ವಜದ ಕೆಳಗೆ ತಳ್ಳಲಾಗದು.

ಥಾಮಸ್ ಡೇವಿಸ್ ಹೆಸರು ಬಂದದ್ದು ಒಳ್ಳೆಯದಾಯಿತು. ಒಂದೇ ಮೊಣಕಾಲಿನ ಒಂದೇ ಅಸ್ಥಿಬಂಧ 2009, 2010, 2011ರಲ್ಲಿ ಸತತವಾಗಿ ಹರಿದರೂ ಮರಳಿ ಬಂದ ಆಟಗಾರ ಅವರು. ಸೂಪರ್ ಬೌಲ್ 50ನ್ನು ಮುಂಗೈ ಮೂಳೆ ಮುರಿದು ಎರಡು ವಾರವಾಗಿದ್ದಾಗ, ಲೋಹದ ಪಟ್ಟಿ ಹಾಕಿಸಿಕೊಂಡು ಆಡಿದರು. ಕೀಕ್ಲಿಯವರ ಪಕ್ಕದಲ್ಲಿ ಅವರಿಲ್ಲದಿದ್ದರೆ ಕತೆಯೇ ಬೇರೆ ಇರುತ್ತಿತ್ತು ಎಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಈ ತಂಡದಲ್ಲಿ ಲೈನ್‌ಬ್ಯಾಕರ್ ಸ್ಥಾನಕ್ಕೆ ಇರುವ ಗೌರವವೇ ಬೇರೆ. ಕ್ರೀಡಾಂಗಣದ ಹೊರಗೆ ಪ್ರತಿಮೆಯಾಗಿ ನಿಂತಿರುವ ಏಕೈಕ ಆಟಗಾರ ಸ್ಯಾಮ್ ಮಿಲ್ಸ್ ಕೂಡ ಲೈನ್‌ಬ್ಯಾಕರ್ ಆಗಿದ್ದವರು. ಐದು ಅಡಿ ಒಂಬತ್ತಂಗುಲದ ಅವರನ್ನು ಗಿಡ್ಡನೆಂದು ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ಅವರು 2005ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಹಾಲ್ ಆಫ್ ಫೇಮ್ ಸೇರಿದ್ದು 2022ರಲ್ಲಿ.

ನರಮಂಡಲ

ಚರ್ಚೆ ಇಷ್ಟು ದೂರ ಬಂದರೂ ಎಂಟೇ ಋತು ಏಕೆ ಎಂಬ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವವಳು. ಈ ಆಟದ ಬಗ್ಗೆ ನನ್ನ ಆಸಕ್ತಿ ಹುಟ್ಟಿದ್ದೇ ಆ ದಾರಿಯಿಂದ.

2015ರ ಸೆಪ್ಟೆಂಬರ್‌ನಲ್ಲಿ ಕೀಕ್ಲಿಯವರ ದೊಡ್ಡ ಒಪ್ಪಂದಕ್ಕೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ, ಋತುವಿನ ಮೊದಲ ಪಂದ್ಯದಲ್ಲೇ, ಅವರ ತಲೆಗೆ ಪೆಟ್ಟು ಬಿದ್ದು ಮೂರು ಪಂದ್ಯ ತಪ್ಪಿದವು. 2016ರ ನವೆಂಬರ್ 17ರ ಗುರುವಾರ ರಾತ್ರಿ ಸೇಂಟ್ಸ್ ವಿರುದ್ಧದ ಪಂದ್ಯದಲ್ಲಿ ಎರಡನೆಯದು. ನೆಲದ ಮೇಲೆ ಕುಳಿತು ಉಸಿರಿಗಾಗಿ ಒದ್ದಾಡುತ್ತ, ತಡೆಯಲಾರದೆ ಅಳುತ್ತಿದ್ದ ಅವರನ್ನು ಗಾಡಿಯಲ್ಲಿ ಹೊರಗೆ ಕರೆದೊಯ್ದದ್ದನ್ನು ದೇಶವೆಲ್ಲ ನೋಡಿತು. ಅವರು ಅಳುತ್ತಿದ್ದದ್ದು ನೋವಿಗಷ್ಟೇ ಎಂದು ಹಲವರು ತಿಳಿದರು. ಮಿದುಳಿಗೆ ಪೆಟ್ಟಾದಾಗ ಭಾವನೆಗಳ ಮೇಲಿನ ಹಿಡಿತವೂ ತಪ್ಪುತ್ತದೆ ಎಂಬುದು ನಮ್ಮ ವಿಭಾಗದಲ್ಲಿ ದಿನನಿತ್ಯ ಕಾಣುವ ಸಂಗತಿ. ಆ ವರ್ಷದ ಉಳಿದ ಆರೂ ಪಂದ್ಯಗಳಿಗೆ ಅವರು ಇಳಿಯಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಮೂರನೆಯದು.

ಆ ವರ್ಷ ಅವರು ಕೊರಳಿಗೆ ಕ್ಯೂ-ಕಾಲರ್ ಎಂಬ ಪಟ್ಟಿಯನ್ನು ತೊಟ್ಟು ಆಡಲಾರಂಭಿಸಿದರು. ಕುದುರೆ ಲಾಳದ ಆಕಾರದ ಆ ಪಟ್ಟಿ ಕತ್ತಿನ ಸಿರೆಗಳನ್ನು ಹದವಾಗಿ ಒತ್ತಿ, ತಲೆಬುರುಡೆಯೊಳಗೆ ಸ್ವಲ್ಪ ಹೆಚ್ಚು ರಕ್ತ ನಿಲ್ಲುವಂತೆ ಮಾಡುತ್ತದೆ, ಅದರಿಂದ ಮಿದುಳಿನ ಅಲುಗಾಟ ಕಡಿಮೆಯಾಗುತ್ತದೆ ಎಂಬುದು ತಯಾರಕರ ವಾದ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದರ ಮಾರಾಟಕ್ಕೆ ಅನುಮತಿ ಕೊಟ್ಟದ್ದು 2021ರಲ್ಲಿ. ಅದು ಎಷ್ಟು ಕಾಪಾಡುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ನನಗೂ ಸಂಶಯವಿದೆ.

ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಎನ್‌ಎಫ್‌ಎಲ್ ಆಡಿದ್ದ 111 ಮಂದಿಯ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಎಂಬ, ಮಿದುಳು ಕ್ರಮೇಣ ಸವೆಯುವ ರೋಗದ ಗುರುತುಗಳಿದ್ದವು. ಆ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ರೋಗಲಕ್ಷಣ ಕಂಡವರ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿರುವುದರಿಂದ ಎಲ್ಲ ಆಟಗಾರರಿಗೂ ಅದೇ ಪ್ರಮಾಣ ಅನ್ವಯಿಸುತ್ತದೆ ಎನ್ನಲಾಗದು. ಬದುಕಿರುವವರಲ್ಲಿ ಈ ರೋಗವನ್ನು ಖಚಿತವಾಗಿ ಪತ್ತೆ ಮಾಡುವ ವಿಧಾನವೂ ಇನ್ನೂ ಬಂದಿಲ್ಲ.

ಆದರೂ ದೀರ್ಘಾಯುಷ್ಯದ ವೃತ್ತಿಜೀವನವನ್ನೇ ಅಳತೆಗೋಲಾಗಿ ಹಿಡಿಯುವವರು ಜೂನಿಯರ್ ಸಿಯಾವು ಅವರನ್ನು ನೆನೆಯಬೇಕು. 1990ರಿಂದ 2009ರವರೆಗೆ ಇಪ್ಪತ್ತು ಋತು ಆಡಿದ ಲೈನ್‌ಬ್ಯಾಕರ್, ಹನ್ನೆರಡು ಪ್ರೊ ಬೌಲ್. 2012ರ ಮೇ ತಿಂಗಳಲ್ಲಿ, 43ನೆಯ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರ ಮಿದುಳಿನಲ್ಲಿ ಸಿಟಿಇ ಇದ್ದದ್ದು ಮರುವರ್ಷ ದೃಢಪಟ್ಟಿತು. ಆ ಸಾವಿಗೆ ಅದೊಂದೇ ಕಾರಣವೆಂದು ಯಾವ ವೈದ್ಯರೂ ಹೇಳುವುದಿಲ್ಲ. ಇಪ್ಪತ್ತು ಋತುಗಳು ಪುಕ್ಕಟೆಯಾಗಿ ಬರುವುದಿಲ್ಲ ಎಂಬುದಷ್ಟೇ ನನ್ನ ಮಾತು. ಹಾಗಿರುವಾಗ ಕಡಿಮೆ ಆಡಿದರು ಎಂದು ಒಬ್ಬರಿಗೆ ಅಂಕ ಕಳೆಯುವುದು ನನಗೆ ಸರಿಕಾಣುವುದಿಲ್ಲ.

ಗರಡಿಮನೆ

ನರಮಂಡಲದವರ ಮಾತಿಗೆ ಒಂದು ಸೇರ್ಪಡೆ. ಕೀಕ್ಲಿಯವರು ನಿವೃತ್ತಿಯ ವಿಡಿಯೋದಲ್ಲಿ ತಲೆಯ ಪೆಟ್ಟನ್ನು ಕಾರಣವಾಗಿ ಹೆಸರಿಸಲಿಲ್ಲ. ಚಿಕ್ಕಂದಿನಿಂದ ತಮಗೆ ಗೊತ್ತಿರುವುದು ವೇಗವಾಗಿ, ಬಲವಾಗಿ, ಮೈಮೇಲೆ ಬಿದ್ದು ಆಡುವ ಒಂದೇ ಬಗೆ, ಇನ್ನು ಮುಂದೆ ಹಾಗೆ ಆಡಬಲ್ಲೆನೋ ಇಲ್ಲವೋ ತಿಳಿಯದು ಎಂಬ ಅರ್ಥದ ಮಾತಾಡಿದರು. ಅಳು ತಡೆದು ಮಾತಾಡುತ್ತಿದ್ದುದು ಕಾಣುತ್ತಿತ್ತು. ಹಾಗಾಗಿ ಪೆಟ್ಟುಗಳೇ ಕಾರಣ ಎಂದು ನಾವು ಊಹಿಸಬಹುದೇ ಹೊರತು ಅವರ ಬಾಯಿಗೆ ಆ ಮಾತನ್ನು ತುರುಕಬಾರದು.

ಬಿಟ್ಟ ಹೊತ್ತನ್ನೂ ಗಮನಿಸಿ. 2018ರಲ್ಲಿ ಅವರು ಎದುರಾಳಿಗಳನ್ನು ಗೆರೆಯ ಹಿಂದೆಯೇ 20 ಬಾರಿ ಕೆಡವಿದ್ದರು. ಕೊನೆಯ ಋತುವಿನಲ್ಲಿ ತಂಡ ಹದಿನಾರರಲ್ಲಿ ಐದನ್ನೇ ಗೆದ್ದು ನೆಲಕಚ್ಚಿತ್ತು, ತಮ್ಮ ಕಾಲದಲ್ಲಿ ಲೈನ್‌ಬ್ಯಾಕರ್ ಆಗಿದ್ದು ಇವರನ್ನು ಬೆಳೆಸಿದ್ದ ಮುಖ್ಯ ತರಬೇತುದಾರ ರಾನ್ ರಿವೇರಾ ಋತುವಿನ ನಡುವೆಯೇ ಹುದ್ದೆ ಕಳೆದುಕೊಂಡಿದ್ದರು. ಅಂಥ ವರ್ಷದಲ್ಲೂ ಕೀಕ್ಲಿಯವರ ಲೆಕ್ಕ 144 ಟ್ಯಾಕಲ್. ಎಂಟು ಋತುಗಳಲ್ಲಿ ಒಂದರಲ್ಲೂ ನೂರಕ್ಕಿಂತ ಕೆಳಗಿಳಿದಿಲ್ಲ, ಹತ್ತೇ ಪಂದ್ಯ ಆಡಿದ 2016ರಲ್ಲೂ 102. ಅಂದರೆ ಇಳಿಜಾರಿನ ವರ್ಷಗಳನ್ನು ಅವರು ಆಡಲೇ ಇಲ್ಲ.

ಅಂಕಿಲೆಕ್ಕ

ಅದೇ ನನ್ನ ತೊಡಕು. ಇಳಿಜಾರಿನ ವರ್ಷಗಳನ್ನು ಆಡದವರ ಸರಾಸರಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಬಾಲ್ಟಿಮೋರ್‌ನ ಲೈನ್‌ಬ್ಯಾಕರ್ ರೇ ಲೂಯಿಸ್ 17 ಋತು ಆಡಿ ಕೊನೆಯ ಪಂದ್ಯದಲ್ಲಿ ಸೂಪರ್ ಬೌಲ್ ಗೆದ್ದು ಹೊರಟವರು. ಅವರ ಮೊದಲ ಎಂಟು ಋತುಗಳನ್ನಷ್ಟೇ ಕತ್ತರಿಸಿ ಕೀಕ್ಲಿಯವರ ಪಕ್ಕದಲ್ಲಿಟ್ಟರೆ ಹೋಲಿಕೆ ನ್ಯಾಯವಾಗುತ್ತದೆ, ಆಗ ಲೂಯಿಸ್ ಅವರದೇ ಮೇಲುಗೈ ಎಂದು ನನ್ನ ಅಭಿಪ್ರಾಯ. ನರಮಂಡಲದವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಹಾಲ್ ಆಫ್ ಫೇಮ್ ಮತ ಹಾಕುವುದು ನಡೆದ ಆಟಕ್ಕೆ, ನಡೆಯದೆ ಉಳಿದ ಆಟಕ್ಕಲ್ಲ.

ತುಂಗಾತೀರ

ಲೂಯಿಸ್ ಅವರನ್ನು ಮೀರಿಸಿದವರಿಗೆ ಮಾತ್ರ ಬಾಗಿಲು ಎಂದಾದರೆ ಹಾಲ್ ಆಫ್ ಫೇಮ್ ಇರುವ ಕ್ಯಾಂಟನ್‌ನ ಆ ಕಟ್ಟಡದಲ್ಲಿ ಲೈನ್‌ಬ್ಯಾಕರ್‌ಗಳ ಕೋಣೆ ಬಹುಪಾಲು ಖಾಲಿಯಾಗಿರುತ್ತಿತ್ತು.

ನಡೆದ ಆಟಕ್ಕೇ ಮತ ಎಂದಿರಿ, ಒಪ್ಪಿಗೆ. ಹಾಗಾದರೆ ಹಿಂದೆ ನಡೆದದ್ದನ್ನು ನೋಡೋಣ. ಶಿಕಾಗೋ ಬೇರ್ಸ್ ತಂಡದ ಡಿಕ್ ಬಟ್ಕಸ್ 1965ರಿಂದ 1973ರವರೆಗೆ ಆಡಿದ್ದು 119 ಪಂದ್ಯ. ಮೊಣಕಾಲು ಕೈಕೊಟ್ಟು ನಿಂತರು, 1979ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಕೀಕ್ಲಿಯವರದು 118, ಒಂದು ಪಂದ್ಯದ ವ್ಯತ್ಯಾಸ. ಕಾಲೇಜಿನ ಕೊನೆಯ ವರ್ಷ, ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಸಲ್ಲುವ ಬಟ್ಕಸ್ ಹೆಸರಿನ ಪ್ರಶಸ್ತಿಯೂ ಕೀಕ್ಲಿಯವರಿಗೇ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಟ್ರಿಕ್ ವಿಲ್ಲಿಸ್ ಆಡಿದ್ದು ಎಂಟು ಋತು, 112 ಪಂದ್ಯ, ಏಳು ಪ್ರೊ ಬೌಲ್, ಐದು ಬಾರಿ ಆಲ್-ಪ್ರೊ ಮೊದಲ ತಂಡ. ಅವರಿಗೂ ಸೂಪರ್ ಬೌಲ್ ಉಂಗುರವಿಲ್ಲ. ಕಳೆದ ವರ್ಷ ಒಳಗೆ ಹೋದರು. ಈ ವರ್ಷ ಆಯ್ಕೆಯಾದ ಸ್ಟರ್ಲಿಂಗ್ ಶಾರ್ಪ್ ಅವರಂತೂ ಕತ್ತಿನ ಗಾಯದಿಂದ ಏಳೇ ಋತುಗಳಿಗೆ ಆಟ ನಿಲ್ಲಿಸಿದವರು. ಅವರದೂ 112 ಪಂದ್ಯ. ಏಳು ಋತುವಿನವರನ್ನು ಒಳಗೆ ಕರೆದ ರಾತ್ರಿಯೇ ಎಂಟು ಋತುವಿನವರು ಹೊರಗೆ ನಿಂತರು ಎಂಬುದು ವಿಚಿತ್ರ.

ಅಂಕಿಲೆಕ್ಕ

ವಿಲ್ಲಿಸ್ ಮತ್ತು ಶಾರ್ಪ್ ಇಬ್ಬರನ್ನೂ ಕಾಯಿಸಿದ್ದಾರೆ ಎಂಬುದನ್ನೂ ಸೇರಿಸಿ ಹೇಳಿ. ವಿಲ್ಲಿಸ್ ಅವರಿಗೆ ಅರ್ಹತೆ ಬಂದದ್ದು 2020ರಲ್ಲಿ, ಪ್ರವೇಶ 2024ರಲ್ಲಿ. ಶಾರ್ಪ್ ಅವರ ಕೊನೆಯ ಋತು 1994. ನಾನು ಕೀಕ್ಲಿಯವರನ್ನು ಬೇಡವೆನ್ನುತ್ತಿಲ್ಲ, ಮೊದಲ ವರ್ಷವೇ ಬೇಕೆನ್ನುವ ಆತುರ ಏಕೆ ಎನ್ನುತ್ತಿದ್ದೇನೆ.

ಗರಡಿಮನೆ

ಈ ವರ್ಷದ ಫಲಿತಾಂಶಕ್ಕೆ ಕೀಕ್ಲಿಯವರ ಋತುಗಳಿಗಿಂತ ಮತದಾನದ ಹೊಸ ನಿಯಮವೇ ಹೆಚ್ಚು ಕಾರಣ ಎಂದು ನನಗನಿಸುತ್ತದೆ. ಹಿಂದೆ ಹದಿನೈದು ಮಂದಿಯನ್ನು ಹತ್ತಕ್ಕೆ, ಆಮೇಲೆ ಐದಕ್ಕೆ ಇಳಿಸಿ, ಆ ಐವರಿಗೆ ಹೌದು ಅಥವಾ ಇಲ್ಲ ಎಂದು ಮತ ಹಾಕುತ್ತಿದ್ದರು. ಈಗ ಕೊನೆಗೆ ಏಳು ಮಂದಿ ಉಳಿಯುತ್ತಾರೆ, ಪ್ರತಿ ಮತದಾರ ಅವರಲ್ಲಿ ಐವರನ್ನು ಆರಿಸಬೇಕು, ಆಯ್ಕೆಯಾಗಲು ಶೇಕಡ 80ರಷ್ಟು ಮತ ಬೇಕು. ಐದನ್ನು ಏಳರಿಂದ ಭಾಗಿಸಿದರೆ ಒಬ್ಬರ ಪಾಲಿಗೆ ಸರಾಸರಿ ಬರುವುದು ಶೇಕಡ 71ರಷ್ಟು ಮಾತ್ರ. ಏಳೂ ಮಂದಿ ಸರಿಸುಮಾರು ಸಮಬಲದವರಾಗಿದ್ದರೆ ಒಬ್ಬರೂ ಆ ಗೆರೆ ದಾಟುವುದಿಲ್ಲ. ಅದಕ್ಕಾಗಿಯೇ ಕನಿಷ್ಠ ಮೂವರು ಎಂಬ ನಿಯಮವನ್ನೂ ಇಟ್ಟಿದ್ದಾರೆ. ಈ ಸಲ ಹಿರಿಯರನ್ನು ಬಿಟ್ಟರೆ ಆಟಗಾರರ ಸಾಮಾನ್ಯ ವಿಭಾಗದಿಂದ ಬಂದದ್ದು ಸರಿಯಾಗಿ ಮೂವರೇ.

ಷಾರ್ಲೆಟ್ ನಿವಾಸಿ

ಮುಂದಿನ ವರ್ಷ ಸೇಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದ ಡ್ರೂ ಬ್ರೀಸ್ ಮತ್ತು ಅರಿಜೋನಾದ ಲ್ಯಾರಿ ಫಿಟ್ಸ್‌ಜೆರಾಲ್ಡ್ ಇಬ್ಬರಿಗೂ ಅರ್ಹತೆ ಬರುತ್ತದೆ. ಆ ಇಬ್ಬರು ಎರಡು ಜಾಗ ಹಿಡಿದರೆ ಉಳಿಯುವುದು ಮೂರು. ಅದಕ್ಕೆ ಆಡಮ್ ವಿನಟೇರಿ, ಟೋರಿ ಹೋಲ್ಟ್, ವಿಲ್ಲಿ ಆಂಡರ್ಸನ್ ಎಲ್ಲರೂ ಕಾಯುತ್ತಿದ್ದಾರೆ.

ಈ ಗದ್ದಲದಿಂದ ಕೀಕ್ಲಿ ಮಾತ್ರ ದೂರವೇ ಇದ್ದಾರೆ. ನಿವೃತ್ತಿಯ ವರ್ಷವೇ ತಂಡದಲ್ಲಿ ಬೇರೆ ತಂಡಗಳ ಆಟಗಾರರನ್ನು ಪರಿಶೀಲಿಸುವ ಸ್ಕೌಟ್ ಆಗಿ ಸೇರಿಕೊಂಡರು, ಹೆಚ್ಚು ಕಾಲ ಉಳಿಯಲಿಲ್ಲ. 2022ರಿಂದ ತಂಡದ ರೇಡಿಯೋ ಪ್ರಸಾರದಲ್ಲಿ ವಿಶ್ಲೇಷಕರಾಗಿದ್ದಾರೆ. ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಅವರನ್ನು 2023ರಲ್ಲೇ ಆರಿಸಿಕೊಂಡಾಗಿದೆ. ಅವರ ರೇಡಿಯೋ ಮಾತುಗಳನ್ನು ಕೇಳಿ ನೋಡಿ, ಎದುರಾಳಿ ಸಾಲುಗಟ್ಟಿದ ಬಗೆಯನ್ನು ನೋಡಿಯೇ ಯಾವ ಆಟ ಬರಬಹುದೆಂದು ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ.

ಹೊಸ ಓದುಗ

ಎಲ್ಲರಿಗೂ ಧನ್ಯವಾದಗಳು. ಒಂದೇ ಪಂದ್ಯವನ್ನು ಪೂರ್ತಿಯಾಗಿ ನೋಡಬೇಕೆಂದರೆ ಯಾವುದನ್ನು ಆರಿಸಲಿ? ಥ್ಯಾಂಕ್ಸ್‌ಗಿವಿಂಗ್ ಪಂದ್ಯವೇ?

ಅಂಕಿಲೆಕ್ಕ

ಬೇಡ. ಅದರಲ್ಲಿ ಸಿಗುವುದು ಎರಡು ಎಸೆತಗಳ ರೋಮಾಂಚನ. ನಾನು ಮೊದಲೇ ಟೀಕಿಸಿದ 2013ರ ಡಿಸೆಂಬರ್ 22ರ ಸೇಂಟ್ಸ್ ಪಂದ್ಯವನ್ನೇ ನೋಡಿ. ಸುರಿಯುವ ಮಳೆ, ವಿಭಾಗದ ಅಗ್ರಸ್ಥಾನ ಪಣದಲ್ಲಿ, ಎದುರಿಗೆ ಡ್ರೂ ಬ್ರೀಸ್. ಟ್ಯಾಕಲ್‌ಗಳನ್ನು ಎಣಿಸಲು ಹೋಗಬೇಡಿ. ಬ್ರೀಸ್ ಯೋಜನೆ ಬದಲಿಸಿದಾಗಲೆಲ್ಲ 59ನೆಯ ಅಂಗಿಯವರು ಏನು ಬದಲಿಸುತ್ತಾರೆ ಎಂಬುದನ್ನಷ್ಟೇ ಗಮನಿಸಿ. ಅಂದು ಅವರು ಬ್ರೀಸ್ ಅವರ ಒಂದು ಎಸೆತವನ್ನೂ ಕಸಿದರು. ಕೊನೆಗೆ 23 ಸೆಕೆಂಡು ಉಳಿದಿರುವಾಗ ಪ್ಯಾಂಥರ್ಸ್ 17-13ರಿಂದ ಮುಂದೆ ಹೋಯಿತು. ನೋಡಿದ ಮೇಲೆ ಇಲ್ಲಿ ಬರೆಯಿರಿ. ಮುಂದಿನ ವರ್ಷದ ಏಳರಲ್ಲಿ ನೀವು ಯಾವ ಐವರನ್ನು ಆರಿಸುತ್ತೀರಿ ಎಂಬುದನ್ನೂ ಸೇರಿಸಿ. ನನ್ನ ಪಟ್ಟಿಯಲ್ಲಿ ಬ್ರೀಸ್, ಫಿಟ್ಸ್‌ಜೆರಾಲ್ಡ್, ವಿನಟೇರಿ ಮೊದಲ ಮೂವರು, ನಾಲ್ಕನೆಯವರು ಕೀಕ್ಲಿ.